ಕಾರ್ಕಾಸೋನ್ ಕೋಟೆ ಪಟ್ಟಣದಲ್ಲಿ ಒಂದು ರಾತ್ರಿ ಉಳಿಯುವುದು ಸಾರ್ಥಕವೇ?

ಕೊಪ್ಪಳದ ನಿವೃತ್ತ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ.

ನನ್ನ ಮಗ ಫ್ರಾನ್ಸಿನ ದಕ್ಷಿಣ ಭಾಗದ ತುಲೂಸ್ ನಗರದಲ್ಲಿ ಸ್ನಾತಕೋತ್ತರ ಪದವಿಗೆ ಓದುತ್ತಿದ್ದಾನೆ. ಬರುವ ಸೆಪ್ಟೆಂಬರಿನಲ್ಲಿ ನಾನೂ ನಮ್ಮ ಮನೆಯವರೂ ಅವನಲ್ಲಿಗೆ ಹೋಗಿ ಬರಬೇಕೆಂದಿದ್ದೇವೆ. ಪ್ಯಾರಿಸ್ ನೋಡಲೇಬೇಕೆಂಬ ಹಟ ನಮಗಿಲ್ಲ; ಗದ್ದಲದ ಮಹಾನಗರಕ್ಕಿಂತ ಹಳೆಯದೊಂದು ಸಣ್ಣ ಪಟ್ಟಣವನ್ನು ನಿಧಾನವಾಗಿ ಸುತ್ತುವುದೇ ನಮ್ಮಿಬ್ಬರಿಗೂ ಸೇರುತ್ತದೆ. ತುಲೂಸಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿಯಲ್ಲಿ ಕಾರ್ಕಾಸೋನ್ ಎಂಬ ಕೋಟೆ ಪಟ್ಟಣವಿದೆ, ಕೊಪ್ಪಳದ ಕೋಟೆಯ ನೆರಳಿನಲ್ಲಿ ಬೆಳೆದ ನಿಮಗೆ ಅದು ಹಿಡಿಸುತ್ತದೆ ಎಂದು ಮಗ ಹೇಳುತ್ತಿದ್ದಾನೆ.

ಆದರೆ ಅಲ್ಲಿಗೆ ಹೋಗಿ ಬಂದ ನಮ್ಮ ಸಂಬಂಧಿಕರೊಬ್ಬರು, ಆ ಕೋಟೆ ಹಳೆಯದೇ ಅಲ್ಲ, 19ನೇ ಶತಮಾನದಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಿದ್ದು, ಒಳಗೆ ಬರೀ ಅಂಗಡಿಗಳಿವೆ, ಎರಡು ತಾಸು ಸಾಕು ಎಂದು ಖಂಡತುಂಡವಾಗಿ ಹೇಳಿದ್ದಾರೆ. ಈ ಮಾತಿನಲ್ಲಿ ಎಷ್ಟು ಸತ್ಯವಿದೆ? ಒಂದು ರಾತ್ರಿ ಅಲ್ಲಿ ಉಳಿಯುವುದರಿಂದ ನಿಜವಾಗಿ ಹೆಚ್ಚಿನದೇನಾದರೂ ಸಿಗುತ್ತದೆಯೇ? ನಮ್ಮ ಮನೆಯವರಿಗೆ ಮಂಡಿ ನೋವಿರುವುದರಿಂದ ಹತ್ತುವ ದಾರಿ ಹೇಗಿದೆಯೆಂಬುದನ್ನೂ, ನಾವು ಸಸ್ಯಾಹಾರಿಗಳಾದ್ದರಿಂದ ಊಟದ ವ್ಯವಸ್ಥೆ ಹೇಗೆಂಬುದನ್ನೂ ತಿಳಿದವರು ದಯವಿಟ್ಟು ಬರೆಯಿರಿ. ವೀಸಾಕ್ಕೆ ಮಗನ ಪತ್ರವೊಂದಿದ್ದರೆ ಸಾಕೇ ಎಂಬುದೂ ನಮಗೆ ಸ್ಪಷ್ಟವಾಗಿಲ್ಲ.

ರಾಯಚೂರು ಕೋಟೆ ಬಾಗಿಲು

ಅಕ್ಕನವರೇ, ನಮಸ್ಕಾರ. ಕೆಲಸದ ನಿಮಿತ್ತ ತುಲೂಸಿನಲ್ಲಿ ಕೆಲವು ಕಾಲ ಇದ್ದವನು ನಾನು. ಬಿಡುವಿನ ದಿನಗಳಲ್ಲಿ ಕಾರ್ಕಾಸೋನಿಗೆ ಹೋಗುವ ರೂಢಿಯಿತ್ತು. ನಿಮ್ಮ ಸಂಬಂಧಿಕರು ಹೇಳಿದ ಮಾತು ಕಾಲು ಭಾಗ ಸತ್ಯ. ಉಳಿದ ಮುಕ್ಕಾಲನ್ನು ನೋಡಲು ಎರಡು ತಾಸು ಸಾಲದು ಎಂಬುದೇ ನನ್ನ ಅಭಿಪ್ರಾಯ.

ಮೊದಲು ಊರಿನ ಇಟ್ಟಣೆಯನ್ನು ಹೇಳಿಬಿಡುತ್ತೇನೆ. ಓಡ್ ನದಿಯ ಬಲದಂಡೆಯ ದಿಬ್ಬದ ಮೇಲೆ ಕೋಟೆಯೊಳಗಿನ ಹಳೆಯ ಊರಿದೆ, ಅದನ್ನು ಅಲ್ಲಿಯವರು ‘ಸಿತೆ’ ಎಂದು ಕರೆಯುತ್ತಾರೆ. ನದಿಯ ಈಚೆಗೆ, ಸಮತಟ್ಟಾದ ನೆಲದಲ್ಲಿ, ಚೌಕಮಣೆಯಂತೆ ನೇರ ಬೀದಿಗಳಿರುವ ಕೆಳಗಿನ ಊರಿದೆ, ಅದರ ಹೆಸರು ಬಾಸ್ತಿದ್ ಸೇಂ ಲೂಯಿ. ರೈಲು ನಿಲ್ದಾಣವಿರುವುದು ಕೆಳಗಿನ ಊರಿನ ಅಂಚಿನಲ್ಲಿ. ಬಹುಪಾಲು ಪ್ರವಾಸಿಗರು ಬಸ್ಸಿನಲ್ಲಿ ನೇರವಾಗಿ ಕೋಟೆಯ ಬಾಗಿಲಿಗೆ ಬಂದು, ಮುಖ್ಯ ಓಣಿಯಲ್ಲಿ ಮರದ ಕತ್ತಿ, ಪ್ಲಾಸ್ಟಿಕ್ ಗುರಾಣಿ ಮಾರುವ ಅಂಗಡಿಗಳ ನಡುವೆ ಒಂದು ಸುತ್ತು ಹಾಕಿ, ಐಸ್‌ಕ್ರೀಮ್ ತಿಂದು ಹೊರಟುಹೋಗುತ್ತಾರೆ. ನಿಮ್ಮ ಸಂಬಂಧಿಕರು ನೋಡಿದ್ದು ಬಹುಶಃ ಅಷ್ಟನ್ನೇ.

ಕೋಟೆಗೆ ಎರಡು ಸುತ್ತು ಗೋಡೆಗಳಿವೆ. ಎರಡನ್ನೂ ಸೇರಿಸಿದರೆ ಸುಮಾರು 3 ಕಿಲೋಮೀಟರ್ ಉದ್ದ, 52 ಬುರುಜುಗಳು. ರಾಯಚೂರಿನವರಿಗೆ ಎರಡು ಸುತ್ತಿನ ಕೋಟೆಯೆಂದರೆ ಹೊಸದೇನೂ ಅಲ್ಲ: ನಮ್ಮಲ್ಲಿಯೂ 1294ರ ಶಾಸನವಿರುವ ಒಳಸುತ್ತಿನ ಗೋಡೆ ಗಾರೆಯಿಲ್ಲದೆ ಜೋಡಿಸಿದ ಭಾರಿ ಬಂಡೆಗಳದ್ದು, ಹೊರಸುತ್ತು ಅದಕ್ಕಿಂತ ಬಹಳ ಈಚೆಗೆ ಆದಿಲ್‌ಶಾಹಿಗಳ ಕಾಲದಲ್ಲಿ ಎದ್ದದ್ದು. ಕಾರ್ಕಾಸೋನಿನಲ್ಲಿಯೂ ಒಳಗೋಡೆ ಮೊದಲು, ಹೊರಗೋಡೆ ಆಮೇಲೆ. ಹಾಗಾಗಿ ಅಲ್ಲಿ ನಾನು ಎಲ್ಲರಿಗೂ ಹೇಳುವುದು ಒಂದೇ: ಅಂಗಡಿ ಬೀದಿಯನ್ನು ಬಿಟ್ಟು, ಎರಡು ಗೋಡೆಗಳ ನಡುವಿನ ಬಯಲು ಹಾದಿಯಲ್ಲಿ ಪೂರ್ತಿ ಒಂದು ಸುತ್ತು ನಡೆಯಿರಿ. ಅದಕ್ಕೆ ‘ಲಿಸ್’ ಎನ್ನುತ್ತಾರೆ. ಟಿಕೆಟ್ ಬೇಡ, ಏರಿಳಿತವೂ ಕಡಿಮೆ, ಜನವಂತೂ ಇರುವುದೇ ಇಲ್ಲ.

ಆ ಹಾದಿಯಲ್ಲಿ ನಿಂತು ಎರಡೂ ಗೋಡೆಗಳ ಕಲ್ಲುಗಳನ್ನು ನೋಡಿದರೆ ಮೂರು ಕಾಲಗಳನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು. ಒಳಗೋಡೆಯ ಉತ್ತರ ದಿಕ್ಕಿನಲ್ಲಿ, ಅಂಗೈಯಗಲದ ಸಣ್ಣ ಚೌಕ ಕಲ್ಲುಗಳ ನಡುವೆ ಕೆಂಪು ಇಟ್ಟಿಗೆಯ ಪಟ್ಟಿಗಳು ಅಡ್ಡಲಾಗಿ ಓಡುತ್ತವೆ. ಇದು ರೋಮನ್ ಸಾಮ್ರಾಜ್ಯದ ಕೊನೆಗಾಲದ ಕೆಲಸ. ಅಲ್ಲಿನ ಬುರುಜುಗಳು ಕುದುರೆ ಲಾಳದ ಆಕಾರದವು, ಊರ ಕಡೆಗೆ ಚಪ್ಪಟೆ, ಶತ್ರುವಿನ ಕಡೆಗೆ ದುಂಡು. ಅದೇ ಗೋಡೆಯಲ್ಲಿ ಮುಂದೆ ಹೋದರೆ, ಅಂಚುಗಳನ್ನು ಮಟ್ಟಸವಾಗಿ ಕೆತ್ತಿ ನಡುಭಾಗವನ್ನು ಉಬ್ಬಾಗಿಯೇ ಬಿಟ್ಟ ದೊಡ್ಡ ಕಲ್ಲುಗಳು ಕಾಣುತ್ತವೆ. ಅವು 13ನೇ ಶತಮಾನದ ಕೊನೆಯಲ್ಲಿ ಮೂರನೇ ಫಿಲಿಪ್ ರಾಜನ ಕಾಲದವು, ಪೂರ್ವದ ನಾರ್ಬೋನ್ ಬಾಗಿಲೂ ಅದೇ ಕೈಯ ಕೆಲಸ. ಇವೆರಡರ ನಡುವಿನ ಕಾಲದ್ದು, ಅಂದರೆ ಒಂಬತ್ತನೇ ಲೂಯಿಯ ಕಾಲದ್ದು, ನಿಮ್ಮ ಬೆನ್ನ ಹಿಂದಿರುವ ಹೊರಗೋಡೆ. ಕೆಲವು ಕಡೆ ಹೊರಗೋಡೆಗೆ ಜಾಗ ಮಾಡಲು ನೆಲವನ್ನು ಅಗೆದು ತಗ್ಗಿಸಿದ್ದರಿಂದ ಹಳೆಯ ರೋಮನ್ ಗೋಡೆಯ ಬುನಾದಿಯೇ ಮೇಲೆ ಉಳಿದುಬಿಟ್ಟಿದೆ. ಆ ಬುನಾದಿಯ ಕೆಳಗೆ ಮತ್ತೆ ಕಲ್ಲು ಕಟ್ಟಿ ಆಧಾರ ಕೊಟ್ಟಿರುವುದನ್ನು ನೋಡಿದಾಗ, ಕೆಲಸ ಮಾಡಿಸಿದವರ ಧೈರ್ಯಕ್ಕೆ ಬೆರಗಾಗುತ್ತದೆ.

ಇನ್ನು ಇತಿಹಾಸ. 1209ರಲ್ಲಿ ಪೋಪರ ಕರೆಯ ಮೇರೆಗೆ ಉತ್ತರದ ಸೈನ್ಯ, ಚರ್ಚು ಧರ್ಮವಿರೋಧಿಗಳೆಂದು ಸಾರಿದ್ದ ಕ್ಯಾಥರ್ ಎಂಬ ಕ್ರೈಸ್ತ ಪಂಥದವರನ್ನು ಅಡಗಿಸಲು ಈ ಸೀಮೆಗೆ ಇಳಿಯಿತು. ಬೇಝಿಯೇ ಊರಿನಲ್ಲಿ ಕಗ್ಗೊಲೆ ನಡೆಸಿ, ಆಗಸ್ಟಿನಲ್ಲಿ ಕಾರ್ಕಾಸೋನನ್ನು ಮುತ್ತಿತು. ಬೇಸಗೆಯ ಬಿಸಿಲು, ಒಳಗೆ ನೆರೆಹಳ್ಳಿಗಳ ಜನರ ದಟ್ಟಣೆ, ನೀರಿಗೆ ಹಾಹಾಕಾರ. ಎರಡು ವಾರದಲ್ಲಿ ಊರು ಶರಣಾಯಿತು. ಜನರನ್ನು ಉಟ್ಟ ಬಟ್ಟೆಯಲ್ಲಿ ಹೊರಗಟ್ಟಿದರು. ಊರಿನ ಒಡೆಯ ರೇಮೊಂ ರೋಜೆ ತ್ರಾಂಕಾವೆಲ್ ಅದೇ ವರ್ಷದ ನವೆಂಬರಿನಲ್ಲಿ ತನ್ನದೇ ಅರಮನೆಯ ಸೆರೆಯಲ್ಲಿ ಸತ್ತ. ಅವನ ಮಗ 1240ರಲ್ಲಿ, ಆ ವೇಳೆಗೆ ಫ್ರಾನ್ಸಿನ ರಾಜನ ವಶವಾಗಿದ್ದ ಊರನ್ನು ಮರಳಿ ಪಡೆಯಲು ಬಂದು, ಗೋಡೆಗಳ ಬುಡಕ್ಕೆ ಸುರಂಗ ತೋಡಿಸಿದ. ಒಳಗಿದ್ದ ರಾಜನ ಅಧಿಕಾರಿ ಆ ಸುರಂಗಗಳಿಗೆ ಎದುರು ಸುರಂಗ ತೋಡಿಸಿ ತಡೆದದ್ದನ್ನು ರಾಜಮಾತೆಗೆ ಬರೆದ ವರದಿ ಇಂದಿಗೂ ಉಳಿದಿದೆ. ಮುತ್ತಿಗೆ ವಿಫಲವಾಯಿತು. ಬಂಡಾಯಗಾರರಿಗೆ ನೆರವಾದ ಹೊರಕೇರಿಗಳನ್ನು ರಾಜ ನೆಲಸಮ ಮಾಡಿಸಿದ. ಕೆಲವು ವರ್ಷಗಳ ನಂತರ ಅಲ್ಲಿಯ ಜನಕ್ಕೆ ನದಿಯ ಆಚೆ ನೆಲೆಸಲು ಅನುಮತಿ ಕೊಟ್ಟ. ಆ ನೇರ ಬೀದಿಗಳ ಕೆಳಗಿನ ಊರು ಹುಟ್ಟಿದ್ದು ಹೀಗೆ. ಆದ್ದರಿಂದ ಮೇಲಿನ ಕೋಟೆಯನ್ನು ಮಾತ್ರ ನೋಡಿ ಬರುವುದೆಂದರೆ ಕಥೆಯ ಅರ್ಧವನ್ನು ಬಿಟ್ಟು ಬಂದಂತೆ.

ಉಳಿಯುವ ವಿಚಾರ: ಖಂಡಿತ ಉಳಿಯಿರಿ. ಸಂಜೆ ಪ್ರವಾಸಿ ಬಸ್ಸುಗಳು ಹೊರಟ ಮೇಲೆ ಊರೇ ಬೇರೆಯಾಗುತ್ತದೆ. ಕೋಟೆಯೊಳಗಿನ ವಸತಿ ದುಬಾರಿ. ಕೆಳಗಿನ ಊರಿನಲ್ಲಿ ಕೋಣೆ ಹಿಡಿದು, ಕತ್ತಲಾದ ಮೇಲೆ ಹಳೆಯ ಸೇತುವೆಯ ಮೇಲಿನಿಂದ ದೀಪ ಹಚ್ಚಿದ ಕೋಟೆಯನ್ನು ನೋಡಿ. 14ನೇ ಶತಮಾನದ ಆ ಸೇತುವೆಯ ಮೇಲೆ ಈಗ ವಾಹನಗಳಿಲ್ಲ.

ಬಳ್ಳಾರಿ ಗುಡ್ಡದ ಬುಡ

ಮೇಲಿನ ಉತ್ತರ ವಿವರವಾಗಿದೆ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ಅಕ್ಕನವರ ಸಂಬಂಧಿಕರ ಆಕ್ಷೇಪವನ್ನು ‘ಕಾಲು ಭಾಗ’ ಎಂದು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ.

1659ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಪಿರನೀಸ್ ಒಪ್ಪಂದವಾಗಿ ಗಡಿ ದಕ್ಷಿಣಕ್ಕೆ ಸರಿದ ಮೇಲೆ ಕಾರ್ಕಾಸೋನ್ ಕೋಟೆ ಯಾರಿಗೂ ಬೇಡವಾಯಿತು. ಬಡ ನೇಕಾರರು ಎರಡು ಗೋಡೆಗಳ ನಡುವೆ ಗುಡಿಸಲು ಹಾಕಿಕೊಂಡರು, ಗೋಡೆಯ ಕಲ್ಲುಗಳು ಮನೆ ಕಟ್ಟುವವರ ಪಾಲಾದವು. 19ನೇ ಶತಮಾನದ ನಡುವಿನಲ್ಲಿ ಸರ್ಕಾರವೇ ಕೋಟೆಯನ್ನು ಕೆಡವಲು ಮನಸ್ಸು ಮಾಡಿತ್ತು. ಸ್ಥಳೀಯ ವಿದ್ವಾಂಸ ಕ್ರೋ-ಮೈರ್‌ವಿಯೆಯ್ ಮತ್ತು ಸ್ಮಾರಕಗಳ ಪರೀಕ್ಷಕರಾಗಿದ್ದ ಸಾಹಿತಿ ಪ್ರೋಸ್ಪೆರ್ ಮೆರಿಮೆ ಪಟ್ಟು ಹಿಡಿದು ಅದನ್ನು ಉಳಿಸಿದರು. ಇಷ್ಟರವರೆಗೆ ಎಲ್ಲವೂ ಹೆಮ್ಮೆಯ ಕಥೆ. 1853ರಿಂದ ವಾಸ್ತುಶಿಲ್ಪಿ ವಿಯೋಲೆ-ಲ-ಡ್ಯೂಕ್ ಅದರ ಜೀರ್ಣೋದ್ಧಾರಕ್ಕೆ ಇಳಿದ. ಅವನು ಬುರುಜುಗಳ ಮೇಲೆ ಕೂರಿಸಿದ ಚೂಪು ಶಂಕುವಿನಾಕಾರದ ಮಾಡುಗಳಿಗೆ ಕಪ್ಪು ಸ್ಲೇಟು ಕಲ್ಲನ್ನು ಹೊದಿಸಿದ. ಆ ಸೀಮೆಯ ಮನೆಗಳನ್ನೆಲ್ಲ ನೋಡಿ: ಮಾಡು ತಗ್ಗು, ಮೇಲೆ ನಮ್ಮ ನಾಡಹೆಂಚಿನಂಥ ಬಾಗಿದ ಕೆಂಪು ಹೆಂಚು. ಚೂಪು ಸ್ಲೇಟು ಮಾಡು ಉತ್ತರ ಫ್ರಾನ್ಸಿನ ರೂಢಿ. ಇದನ್ನು ಆಗಿನ ಕಾಲದಲ್ಲಿಯೇ ಟೀಕಿಸಿದರು, ಮುಂದೆ 20ನೇ ಶತಮಾನದಲ್ಲಿ ಕೆಲವು ರೋಮನ್ ಬುರುಜುಗಳ ಮಾಡುಗಳನ್ನು ಬದಲಿಸಿ ಹೆಂಚು ಹೊದಿಸಿದ್ದೂ ಉಂಟು. ಹೀಗಿರುವಾಗ ದೂರದಿಂದ ಕಾಣುವ ಆ ಪ್ರಸಿದ್ಧ ನೋಟ, ಅಂದರೆ ಪೋಸ್ಟ್‌ಕಾರ್ಡಿನ ನೋಟ, ಬಹುಮಟ್ಟಿಗೆ 19ನೇ ಶತಮಾನದ ಕಲ್ಪನೆಯೇ. ಗುಡಿಸಲುಗಳಲ್ಲಿದ್ದ ನೇಕಾರರನ್ನು ಎಬ್ಬಿಸಿ ಆ ‘ಶುದ್ಧ’ ನೋಟವನ್ನು ಪಡೆದರು ಎಂಬುದನ್ನು ಮಾರ್ಗದರ್ಶಿಗಳು ಯಾರೂ ಹೇಳುವುದಿಲ್ಲ.

ಅವರು ಹೇಳುವ ಕಥೆಯೇ ಬೇರೆ. ಫ್ರಾಂಕ್ ಜನಾಂಗದ ಚಕ್ರವರ್ತಿ ಷಾರ್ಲೆಮೇನ್ ಐದು ವರ್ಷ ಮುತ್ತಿಗೆ ಹಾಕಿದ್ದನಂತೆ. ಒಳಗಿದ್ದ ಕಾರ್ಕಾಸ್ ಎಂಬ ರಾಣಿ ಕೊನೆಯ ಹಂದಿಗೆ ಉಳಿದ ಗೋಧಿಯನ್ನೆಲ್ಲ ತಿನ್ನಿಸಿ ಬುರುಜಿನಿಂದ ಕೆಳಕ್ಕೆ ಎಸೆದಳಂತೆ. ಹಂದಿಗೂ ಗೋಧಿ ತಿನ್ನಿಸುವಷ್ಟು ದವಸ ಒಳಗಿದೆಯೆಂದು ಚಕ್ರವರ್ತಿ ಮುತ್ತಿಗೆ ತೆಗೆದನಂತೆ. ಊರು ಷಾರ್ಲೆಮೇನನ ತಂದೆಯ ಕಾಲಕ್ಕೇ ಫ್ರಾಂಕರ ಕೈ ಸೇರಿತ್ತು ಎಂಬುದು ಈ ಕಥೆಗೆ ಅಡ್ಡಿಯಾಗಿಲ್ಲ. ಬಳ್ಳಾರಿಯಲ್ಲಿ ನಮಗೂ ಇಂಥದ್ದು ಗೊತ್ತು: ಹೈದರಾಲಿ ಫ್ರೆಂಚ್ ಎಂಜಿನಿಯರನಿಂದ ಕೋಟೆ ಕಟ್ಟಿಸಿ, ಎದುರಿನ ಕುಂಬಾರ ಗುಡ್ಡವೇ ಇದಕ್ಕಿಂತ ಎತ್ತರವಿದೆಯೆಂದು ತಿಳಿದಾಗ ಅವನನ್ನು ಬಾಗಿಲಲ್ಲೇ ಗಲ್ಲಿಗೇರಿಸಿದನೆಂಬ ಮಾತನ್ನು ಗುಡ್ಡ ಹತ್ತುವ ಪ್ರತಿಯೊಬ್ಬನೂ ಕೇಳಿರುತ್ತಾನೆ.

ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದು ರಾತ್ರಿಯ ಖರ್ಚನ್ನು ತುಲೂಸಿನ ಸೇಂ ಸೆರ್ನೆನ್ ಚರ್ಚಿನ ಬೀದಿಗಳಿಗೆ, ಇಲ್ಲವೇ ಆಲ್ಬಿ ಪಟ್ಟಣದ ಇಟ್ಟಿಗೆಯ ಕೆಥೆಡ್ರಲ್ಲಿಗೆ ಮೀಸಲಿಟ್ಟರೆ, ಕಾಲದಿಂದ ಕಾಲಕ್ಕೆ ಜನ ಬಳಸುತ್ತಲೇ ಬಂದ ಊರನ್ನು ನೋಡಿದ ತೃಪ್ತಿ ಸಿಗುತ್ತದೆ.

ರಾಯಚೂರು ಕೋಟೆ ಬಾಗಿಲು

ಬಳ್ಳಾರಿಯ ಮಿತ್ರರೇ, ಆಲ್ಬಿಯ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ಣ ಸಮ್ಮತಿಯಿದೆ. ನೇಕಾರರ ಮಾತೂ ನ್ಯಾಯವಾದದ್ದು. ಆದರೆ ಮಾಡು, ತೆನೆ, ಮರದ ಅಟ್ಟ ಇವು ವಿಯೋಲೆ-ಲ-ಡ್ಯೂಕನವು ಎಂದ ಮಾತ್ರಕ್ಕೆ ಕೆಳಗಿನ ಗೋಡೆ ಅವನದಾಗುವುದಿಲ್ಲ. ಅದರ ಬಹುಪಾಲು ಹಳೆಯದೇ. ಅವನು ಸುಮ್ಮನೆ ಮನಸ್ಸಿಗೆ ಬಂದಂತೆ ಕಟ್ಟಿದವನೂ ಅಲ್ಲ. ರಾಜನ ಕಾಲದ ಬುರುಜುಗಳನ್ನು ಉತ್ತರದ ಎಂಜಿನಿಯರುಗಳು ಕಟ್ಟಿದ್ದರಿಂದ ಸ್ಲೇಟು ಸಲ್ಲುತ್ತದೆ ಎಂದು ವಾದಿಸಿದ್ದ, ಪ್ರತಿ ಬುರುಜಿನ ಅಳತೆಯ ನಕ್ಷೆ ಬರೆದಿಟ್ಟಿದ್ದ. ಯುನೆಸ್ಕೊ 1997ರಲ್ಲಿ ಈ ಕೋಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಅವನ ಜೀರ್ಣೋದ್ಧಾರವನ್ನೂ ಒಂದು ಕಾರಣವಾಗಿಯೇ ಹೆಸರಿಸಿತು.

ಇನ್ನೊಂದು ಮಾತನ್ನು ಕೊಪ್ಪಳದ ಅಕ್ಕನವರಿಗಾಗಿ ಸೇರಿಸುತ್ತೇನೆ. ಟಿಪ್ಪು ಸುಲ್ತಾನ್ 1786ರಲ್ಲಿ ನಿಮ್ಮ ಕೋಟೆಯನ್ನು ಪಾಳೆಯಗಾರನಿಂದ ಪಡೆದು ಫ್ರೆಂಚ್ ಎಂಜಿನಿಯರುಗಳಿಂದ ಬಲಪಡಿಸಿದ. 1790ರಲ್ಲಿ ಬ್ರಿಟಿಷರೂ ನಿಜಾಮರ ಸೈನ್ಯವೂ ಕೂಡಿ ಮುತ್ತಿದರೂ ಅದು ಸುಮಾರು ಆರು ತಿಂಗಳು ಬಗ್ಗಲಿಲ್ಲ. ಅದು ಫಿರಂಗಿಯ ಕಾಲದ ವಿದ್ಯೆ. ಕಾರ್ಕಾಸೋನಿನ ಗೋಡೆ ಅದಕ್ಕೆ ಐನೂರು ವರ್ಷ ಹಿಂದಿನದು: ಎತ್ತರ ಹೆಚ್ಚು, ಬುರುಜುಗಳು ಒತ್ತೊತ್ತಾಗಿವೆ, ಬಾಣ ಬಿಡುವ ಸಂದು ಉದ್ದ ಮತ್ತು ಕಿರಿದು. ಕಲ್ಲುಗುಂಡಿಗಿಂತ ಏಣಿಗೂ ಸುರಂಗಕ್ಕೂ ಹೆದರಿದವರು ಕಟ್ಟಿದ ಗೋಡೆ ಅದು. ಗಡಿ ಸರಿದು ಕೋಟೆ ನಿರುಪಯುಕ್ತವಾದದ್ದರಿಂದ ಫಿರಂಗಿಯ ಕಾಲಕ್ಕೆ ತಕ್ಕಂತೆ ಅದನ್ನು ಒಡೆದು ಕಟ್ಟುವ ಗೋಜಿಗೆ ಯಾರೂ ಹೋಗಲಿಲ್ಲ. ನಮ್ಮ ಮೂರೂ ಜಿಲ್ಲೆಗಳ ಕೋಟೆಗಳಲ್ಲಿ ಇಂಥ ಸ್ಥಿತಿಯ ಗೋಡೆ ಕಾಣಸಿಗುವುದಿಲ್ಲ, ಏಕೆಂದರೆ ಅವು ಕೊನೆಯವರೆಗೂ ಯುದ್ಧ ಕಂಡವು.

ಕೋಟೆಯೊಳಗಿನ ಸೇಂ ನಾಝೇರ್ ಚರ್ಚನ್ನು ಬಿಡಬೇಡಿ, ಪ್ರವೇಶಕ್ಕೆ ಹಣವಿಲ್ಲ. ನಡುಭಾಗ ದಪ್ಪ ಕಂಬಗಳ, ಮಬ್ಬು ಬೆಳಕಿನ ಹಳೆಯ ರೋಮನೆಸ್ಕ್ ಶೈಲಿಯದು. ಅದನ್ನು ದಾಟಿ ಪೂರ್ವದ ತುದಿಗೆ ಬಂದರೆ ಗಾತಿಕ್ ಶೈಲಿಯ ಬಣ್ಣದ ಗಾಜಿನ ಕಿಟಕಿಗಳಿಂದ ನೀಲಿ, ಕೆಂಪು ಬೆಳಕು ಕಲ್ಲಿನ ಮೇಲೆ ಬಿದ್ದಿರುತ್ತದೆ. ಬೆಳಿಗ್ಗೆ ಹೋಗುವುದು ಒಳ್ಳೆಯದು.

ಕೊಪ್ಪಳದ ನಿವೃತ್ತ ಶಿಕ್ಷಕಿ

ಇಬ್ಬರಿಗೂ ಕೃತಜ್ಞತೆಗಳು. ಇಬ್ಬರ ವಾದವನ್ನೂ ಮನೆಯಲ್ಲಿ ಓದಿ ಹೇಳಿದೆ. ನೀರಾವರಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದ ನಮ್ಮ ಮನೆಯವರಿಗೆ ಕೋಟೆಗಿಂತ, ಅದೇ ಊರಿನಲ್ಲಿ ಹರಿಯುವ ಹಳೆಯ ಕಾಲುವೆಯ ಬಗ್ಗೆ ಕುತೂಹಲ ಹುಟ್ಟಿದೆ. ರೈಲು ನಿಲ್ದಾಣದ ಎದುರಿಗೇ ಅದು ಕಾಣುತ್ತದೆಯೆಂದು ಮಗ ಹೇಳಿದ. ಅದರ ಬಗ್ಗೆ ತಿಳಿದವರು ಬರೆದರೆ, ಒಂದು ರಾತ್ರಿ ಉಳಿಯುವ ವಿಷಯಕ್ಕೆ ಮನೆಯಲ್ಲಿ ಬಹುಮತ ಸಿಕ್ಕೀತು.

ಗಂಗಾವತಿ ಎಡದಂಡೆ

ಅಕ್ಕನವರೇ, ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಗದ್ದೆ ಮಾಡುವವರ ಮನೆಯವನಾದ್ದರಿಂದ ನಾನೂ ಅಲ್ಲಿ ಕೋಟೆಗಿಂತ ಹೆಚ್ಚು ಹೊತ್ತು ಕಾಲುವೆಯ ದಂಡೆಯಲ್ಲೇ ಕಳೆದೆ.

ಅದರ ಹೆಸರು ಕನಾಲ್ ದ್ಯು ಮಿದಿ. ತುಲೂಸಿನಿಂದ ಮೆಡಿಟರೇನಿಯನ್ ಕರಾವಳಿಯವರೆಗೆ ಸುಮಾರು 240 ಕಿಲೋಮೀಟರ್. ಉಪ್ಪಿನ ತೆರಿಗೆ ವಸೂಲಿ ಮಾಡುತ್ತಿದ್ದ ಪಿಯರ್-ಪೋಲ್ ರಿಕೆ ಎಂಬುವರು ಹದಿನಾಲ್ಕನೇ ಲೂಯಿಯ ಅಪ್ಪಣೆ ಪಡೆದು 1666ರಲ್ಲಿ ಆರಂಭಿಸಿದರು, ಸ್ವಂತ ಹಣವನ್ನೂ ಸುರಿದರು. 1681ರಲ್ಲಿ ಕಾಲುವೆ ತೆರೆದಾಗ ರಿಕೆ ಇರಲಿಲ್ಲ, ಕೆಲವು ತಿಂಗಳ ಹಿಂದಷ್ಟೇ, 1680ರಲ್ಲಿ, ತೀರಿಹೋಗಿದ್ದರು. ನಮ್ಮ ಕಾಲುವೆಯಂತೆ ಇದು ಹೊಲಕ್ಕೆ ನೀರು ಉಣಿಸಲು ಮಾಡಿದ್ದಲ್ಲ, ದೋಣಿಗಳಲ್ಲಿ ಸರಕು ಸಾಗಿಸಲು ಮಾಡಿದ್ದು. ಆದ್ದರಿಂದಲೇ ಅದರ ತೊಡಕು ಬೇರೆ. ಅಣೆಕಟ್ಟಿನಿಂದ ಹೊರಟ ನೀರು ಇಳಿಜಾರಿನಲ್ಲಿ ಹೋದರೆ ನಮ್ಮ ಕೆಲಸ ಮುಗಿಯಿತು. ಆದರೆ ಆ ಕಾಲುವೆ ನೌರೂಝ್ ಎಂಬ ಏರನ್ನು ದಾಟಬೇಕಿತ್ತು, ಅಂದರೆ ಎತ್ತರದ ಆ ನಡುಭಾಗದಿಂದ ಎರಡೂ ಕಡೆಗೆ ನೀರು ಇಳಿಯಬೇಕು, ಎತ್ತರದಲ್ಲಿ ನೀರು ಎಂದೂ ಬತ್ತಬಾರದು. ರಿಕೆಯ ಜಾಣ್ಮೆ ಇರುವುದು ಇಲ್ಲಿ: ದೂರದ ಕಪ್ಪು ಬೆಟ್ಟಗಳ ತೊರೆಗಳ ನೀರನ್ನು ಪೋಷಕ ಕಾಲುವೆಗಳಲ್ಲಿ ತಿರುಗಿಸಿ ಆ ಏರಿಗೇ ತಂದು ಬಿಟ್ಟರು, ಬೇಸಗೆಗೆಂದು ಸೇಂ ಫೆರಿಯೋಲ್‌ನಲ್ಲಿ ಮಣ್ಣು ಮತ್ತು ಕಲ್ಲಿನ ಅಣೆಕಟ್ಟು ಕಟ್ಟಿಸಿದರು. ಆ ಅಣೆಕಟ್ಟು ಇಂದಿಗೂ ಕೆಲಸ ಮಾಡುತ್ತಿದೆ.

ನಿಲ್ದಾಣದಿಂದ ಹೊರಬಂದ ಕೂಡಲೇ ದೋಣಿಗಟ್ಟೆಯೂ ಲಾಕ್ ಬಾಗಿಲೂ ಸಿಗುತ್ತವೆ. ಅಲ್ಲಿ ಅರ್ಧ ಗಂಟೆ ನಿಂತರೆ ಯಾವುದಾದರೊಂದು ದೋಣಿ ಬಂದೇ ಬರುತ್ತದೆ. ದೋಣಿ ಕಟ್ಟೆಯ ತೊಟ್ಟಿಯೊಳಕ್ಕೆ ನುಗ್ಗುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ಮುಂದಿನ ಬಾಗಿಲಿನ ತೂಬು ತೆರೆದಂತೆ ನೀರು ನೊರೆಯೇಳುತ್ತಾ ತುಂಬಿ ದೋಣಿಯನ್ನು ಮೇಲೆತ್ತುತ್ತದೆ. ದೋಣಿಯಲ್ಲಿರುವವರು ಹಗ್ಗವನ್ನು ಗೂಟಕ್ಕೆ ಸುತ್ತಿ, ನೀರು ಏರಿದಂತೆ ಸಡಿಲ ಬಿಡದೆ ಎಳೆದುಕೊಳ್ಳುತ್ತಿರಬೇಕು. ರಿಕೆಯ ಕಾಲದ ಲಾಕುಗಳ ಪಕ್ಕದ ಗೋಡೆಗಳು ನೇರವಾಗಿರದೆ ಹೊರಕ್ಕೆ ಬಾಗಿ ಮೊಟ್ಟೆಯಾಕಾರದಲ್ಲಿವೆ, ಮಣ್ಣಿನ ಒತ್ತಡವನ್ನು ತಾಳಲು ಹಾಗೆ ಮಾಡಿದ್ದು. ಕಾರ್ಕಾಸೋನಿನ ಪೇಟೆಯೊಳಗಿನ ಭಾಗ ಮಾತ್ರ ಹೊಸದು. ಮೊದಲಿಗೆ ಊರಿನವರು ತಮ್ಮ ಪಾಲಿನ ಹಣ ಕೊಡಲು ಒಪ್ಪದಿದ್ದರಿಂದ ಕಾಲುವೆ ಊರನ್ನು ಬಿಟ್ಟು ದೂರದಲ್ಲಿ ಹಾದುಹೋಯಿತು. ವ್ಯಾಪಾರವೆಲ್ಲ ಬೇರೆ ಕಡೆಗೆ ಹೋಗುವುದನ್ನು ನೋಡಿದ ಮೇಲೆ ಮತ್ತೆ ಅಗೆಸಿ, 1810ರಲ್ಲಿ ಊರೊಳಗೆ ತಂದುಕೊಂಡರು.

ದಂಡೆಯ ಉದ್ದಕ್ಕೂ ಪ್ಲೇನ್ ಮರಗಳ ಸಾಲಿತ್ತು. ಶಿಲೀಂಧ್ರ ರೋಗ ತಗುಲಿ ಸಾವಿರಾರು ಮರಗಳನ್ನು ಕಡಿಯಬೇಕಾಗಿ ಬಂದಿದೆ, ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಹಾಗಾಗಿ ಹಳೆಯ ಫೋಟೋಗಳಲ್ಲಿ ಕಾಣುವ ದಟ್ಟ ನೆರಳು ಎಲ್ಲ ಕಡೆಯೂ ಸಿಗುವುದಿಲ್ಲ, ಟೊಪ್ಪಿಗೆ ಇಟ್ಟುಕೊಳ್ಳಿ. ದಂಡೆಯ ದಾರಿ ಮಟ್ಟಸವಾಗಿರುವುದರಿಂದ ಮಂಡಿಗೆ ತೊಂದರೆಯಿಲ್ಲ. ಕಾಲುವೆಯಲ್ಲಿ ಪ್ರವಾಸಿ ದೋಣಿಗಳೂ ಇವೆ.

ಸಂಡೂರಿನ ಪ್ರಯಾಣಿಕೆ

ಇತಿಹಾಸವನ್ನು ಎಲ್ಲರೂ ಹೇಳಿಯಾಯಿತು. ಅಕ್ಕನವರು ಕೇಳಿದ ವೀಸಾ, ಊಟ, ಮಂಡಿ ಮೂರೂ ಹಾಗೇ ಉಳಿದಿವೆ. ನನ್ನ ತಂದೆತಾಯಿಯರನ್ನು ಕರೆದುಕೊಂಡು ಹೋದ ಅನುಭವದಿಂದ ಬರೆಯುತ್ತಿದ್ದೇನೆ.

ವೀಸಾಕ್ಕೆ ಮಗನ ಸಾದಾ ಪತ್ರ ಸಾಲುವುದಿಲ್ಲ. ನೀವು ಅವನ ಮನೆಯಲ್ಲಿಯೇ ಉಳಿಯುವುದಾದರೆ, ಅವನು ತನ್ನ ಊರಿನ ಪುರಸಭೆಯಿಂದ ಆತಿಥ್ಯದ ಪ್ರಮಾಣಪತ್ರ ಮಾಡಿಸಬೇಕು. ಅದಕ್ಕೆ 30 ಯೂರೋ ಮುದ್ರಾಂಕ ಶುಲ್ಕವಿದೆ, ಮನೆಯಲ್ಲಿ ಅತಿಥಿಗಳಿಗೆ ಸಾಕಷ್ಟು ಜಾಗವಿದೆಯೇ ಎಂಬುದನ್ನೂ ಪರಿಶೀಲಿಸುತ್ತಾರೆ. ವಿದ್ಯಾರ್ಥಿನಿಲಯದ ಒಂಟಿ ಕೋಣೆಯಾದರೆ ಪ್ರಮಾಣಪತ್ರ ಸಿಗುವುದು ಕಷ್ಟ, ಆಗ ಹೋಟೆಲಿನ ಕಾಯ್ದಿರಿಸುವಿಕೆಯನ್ನೇ ತೋರಿಸುವುದು ಸುಲಭ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚವನ್ನು ಭರಿಸುವಂತಿರಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಹದಿನೈದು ದಿನಕ್ಕಿಂತ ತಡಮಾಡುವಂತಿಲ್ಲ. ಬೆರಳಚ್ಚು ಕೊಡಲು ಬೆಂಗಳೂರಿನ ಕೇಂದ್ರಕ್ಕೆ ಇಬ್ಬರೂ ಖುದ್ದಾಗಿ ಹೋಗಬೇಕು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿಗೆ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಸಮಯವನ್ನು ಮಧ್ಯಾಹ್ನಕ್ಕೆ ಹಿಡಿದಿಡುವುದು ಜಾಣತನ, ರೈಲು ತಡವಾದರೆ ಜೀವಕ್ಕೆ ಸಮಾಧಾನವಿರುತ್ತದೆ. ಮಗ ಒದಗಿಸಬೇಕಾದ ದಾಖಲೆಗಳನ್ನು ಈಗಿನಿಂದಲೇ ಹೇಳಿಬಿಡಿ, ಹುಡುಗರು ಕೊನೆಯ ವಾರದವರೆಗೂ ‘ಮಾಡೋಣ ಬಿಡಮ್ಮ’ ಎನ್ನುತ್ತಾರೆ.

ಊಟದ ವಿಷಯದಲ್ಲಿ ಎಚ್ಚರ ಬೇಕು. ಆ ಸೀಮೆಯ ಹೆಮ್ಮೆಯ ಅಡುಗೆ ‘ಕಾಸ್ಸೂಲೆ’: ಮಣ್ಣಿನ ಪಾತ್ರೆಯಲ್ಲಿ ತಾಸುಗಟ್ಟಲೆ ಬೇಯಿಸಿದ ಬಿಳಿ ಹುರುಳಿಕಾಯಿ ಬೀಜ. ಹೊರಗಿನಿಂದ ಕಾಳು ಪಲ್ಯದಂತೆ ಕಾಣುತ್ತದೆ, ಒಳಗೆ ಬಾತುಕೋಳಿಯೂ ಹಂದಿಮಾಂಸವೂ ಇರುತ್ತವೆ. ಮೇಕೆ ಹಾಲಿನ ಚೀಸ್ ಹಾಕಿದ ಸಲಾಡ್, ತರಕಾರಿಯ ಪಿಜ್ಜಾ ಎಲ್ಲ ಕಡೆಯೂ ಸಿಗುತ್ತವೆ. ಮೊಟ್ಟೆ ತಿನ್ನುವಿರಾದರೆ ಆಮ್ಲೆಟ್ ಸಹ. ತರಕಾರಿ ಸೂಪಿನ ಸಾರನ್ನು ಮಾಂಸದ ರಸದಿಂದ ಮಾಡಿರುವುದುಂಟು, ಕೇಳಿಯೇ ಕುಡಿಯಿರಿ. ಅಲ್ಲಿಯ ಹಳೆಯ ಬಗೆಯ ಚೀಸುಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆಂಬುದನ್ನು ಮೊದಲೇ ತಿಳಿದಿದ್ದರೆ ನಿಮ್ಮ ನಿರ್ಧಾರ ನೀವು ಮಾಡಿಕೊಳ್ಳಬಹುದು. ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡರವರೆಗೆ, ಅದು ದಾಟಿದರೆ ಹೆಚ್ಚಿನ ಕಡೆ ಒಲೆ ಆರಿಸಿಬಿಡುತ್ತಾರೆ, ರಾತ್ರಿ ಏಳರವರೆಗೆ ಕಾಯಬೇಕು. ನಮ್ಮ ಹಾಗೆ ಮೂರು ಗಂಟೆಗೆ ಊಟ ಹುಡುಕಿ ಹೊರಟರೆ ಸಿಗುವುದು ಬೇಕರಿ ಮಾತ್ರ.

ನಾವು ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಒಯ್ದಿದ್ದೆವು, ಅದರಿಂದ ಬಹಳ ಅನುಕೂಲವಾಯಿತು. ತುಪ್ಪ, ಪೇಡಾ, ಕೋವಾದ ಯಾವುದೇ ಸಿಹಿಯನ್ನು ಮಗನಿಗೆಂದು ಕಟ್ಟಿಕೊಳ್ಳಬೇಡಿ. ಹೊರದೇಶದ ಹಾಲಿನ ಪದಾರ್ಥವನ್ನೂ ಮಾಂಸವನ್ನೂ ಯೂರೋಪಿನ ಒಕ್ಕೂಟದೊಳಕ್ಕೆ ಪ್ರಯಾಣಿಕರು ತರುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ಕೆಳಗಿನ ಊರಿನ ಪ್ಲಾಸ್ ಕಾರ್ನೋ ಚೌಕದಲ್ಲಿ ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಸಂತೆ ಸೇರುತ್ತದೆ. ಸೆಪ್ಟೆಂಬರಿನಲ್ಲಿ ಅಂಜೂರ, ದ್ರಾಕ್ಷಿ, ಟೊಮೆಟೊ ಎಲ್ಲ ಒಳ್ಳೆಯವು ಬಂದಿರುತ್ತವೆ. ಆ ದಿನಗಳಲ್ಲೊಂದನ್ನು ನೋಡಿಕೊಂಡು ಹೋದರೆ ಮಧ್ಯಾಹ್ನದ ಊಟದ ಚಿಂತೆಯೇ ಇಲ್ಲ. ತಿಂಗಳ ಆಯ್ಕೆಯೂ ಸರಿಯಾಗಿದೆ: ಜುಲೈ, ಆಗಸ್ಟ್‌ನಲ್ಲಿ ಬಿಸಿಲು ನಮ್ಮ ಬಳ್ಳಾರಿಯನ್ನು ನೆನಪಿಸುತ್ತದೆ, ಜನವೂ ವಿಪರೀತ. ಆದರೆ ವಾಯವ್ಯದಿಂದ ಬೀಸುವ ‘ಸೆರ್ಸ್’ ಎಂಬ ಗಾಳಿ ವರ್ಷವಿಡೀ ಇರುವುದರಿಂದ ಗೋಡೆಯ ಮೇಲೆ ನಡೆಯುವಾಗ ಶಾಲು ಹೊದ್ದುಕೊಳ್ಳಲು ಒಂದು ಪಿನ್ನು ಇರಲಿ.

ಅರಮನೆ ಮತ್ತು ಗೋಡೆಯ ಮೇಲಿನ ನಡಿಗೆಗೆ ಮಾತ್ರ ಟಿಕೆಟ್ ಇದೆ, ಉಳಿದ ಕೋಟೆ ಹಗಲು ರಾತ್ರಿ ತೆರೆದೇ ಇರುತ್ತದೆ. ನಿಮ್ಮ ಮಗನಿಗೆ 26 ತುಂಬಿಲ್ಲವಾದರೆ ಅಲ್ಲಿಯ ನಿವಾಸ ಪತ್ರವನ್ನು ಜೊತೆಗಿಟ್ಟುಕೊಳ್ಳಲಿ, ಅವನಿಗೆ ಟಿಕೆಟ್ ಬೇಕಾಗುವುದಿಲ್ಲ.

ಕೊನೆಯದಾಗಿ ಮಂಡಿ. ನಿಲ್ದಾಣದಿಂದ ಕೋಟೆಯವರೆಗೆ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು. ಹಳೆಯ ಸೇತುವೆಯವರೆಗೆ ಸಮತಟ್ಟು. ಅಲ್ಲಿಂದ ಓಡ್ ಬಾಗಿಲಿಗೆ ಹತ್ತುವ ದಾರಿ ನೋಡಲು ಚೆಂದ, ಆದರೆ ಕಡಿದು, ಉರುಟು ಕಲ್ಲುಗಳನ್ನು ಹಾಸಿದ್ದು. ಮಳೆ ಬಂದಿದ್ದರೆ ಜಾರುತ್ತದೆ. ನಿಮ್ಮ ಮನೆಯವರು ಬಸ್ಸಿನಲ್ಲಿಯೋ ಟ್ಯಾಕ್ಸಿಯಲ್ಲಿಯೋ ಪೂರ್ವದ ನಾರ್ಬೋನ್ ಬಾಗಿಲಿಗೆ ಬರಲಿ, ಅಲ್ಲಿ ಏರು ಸೌಮ್ಯವಾಗಿದೆ, ಎರಡು ಗೋಡೆಗಳ ನಡುವಿನ ಹಾದಿಗೂ ಅಲ್ಲಿಂದಲೇ ಇಳಿಯಬಹುದು. ಗೋಡೆಯ ಮೇಲಿನ ನಡಿಗೆಯಲ್ಲಿ ಬುರುಜುಗಳೊಳಗಿನ ಸುತ್ತು ಮೆಟ್ಟಿಲುಗಳು ಕಿರಿದಾಗಿಯೂ ಎತ್ತರವಾಗಿಯೂ ಇರುವುದರಿಂದ ಅದನ್ನು ನೀವೂ ಮಗನೂ ಮಾಡಿ. ಅಷ್ಟರಲ್ಲಿ ಅವರು ಚರ್ಚಿನ ಎದುರಿನ ಅಂಗಳದಲ್ಲಿ ಕಾಫಿ ಕುಡಿಯುತ್ತಾ ಕೂತಿರಲಿ.

ಕೊಪ್ಪಳದ ನಿವೃತ್ತ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ಶುಕ್ರವಾರ ಮಧ್ಯಾಹ್ನ ತುಲೂಸಿನಿಂದ ಹೊರಟು, ಸಂಜೆ ಕಾಲುವೆಯ ಲಾಕು ಮತ್ತು ಸೇತುವೆ, ಶನಿವಾರ ಬೆಳಿಗ್ಗೆ ಮೊದಲು ಚರ್ಚು, ಆಮೇಲೆ ಗೋಡೆಗಳ ನಡುವಿನ ಸುತ್ತು, ಸಂತೆ ಮುಗಿಯುವುದರೊಳಗೆ ಕೆಳಗಿಳಿದು ಊಟ ಎಂದು ನಿಶ್ಚಯಿಸಿದ್ದೇವೆ. ಆಲ್ಬಿಗೆ ಬೇರೊಂದು ದಿನ ತುಲೂಸಿನಿಂದಲೇ ಹೋಗಿ ಬರುತ್ತೇವೆ. ಪುರಸಭೆಯ ಪ್ರಮಾಣಪತ್ರದ ಬಗ್ಗೆ ಮಗನಿಗೆ ನಿನ್ನೆಯೇ ಹೇಳಿದೆ. ‘ಮಾಡೋಣ ಬಿಡಮ್ಮ’ ಎಂದ.